ಬುರುಗು ಬರದಿದ್ದರೆ ತಪ್ಪು ಸಬಕಾರದ್ದಲ್ಲ

"ಬುರುಗs ಬರವಲ್ದು ನೋಡು, ಇನ್ನೊಂದೀಟು ಹಚ್ಚು."

ಬಾಗಲಕೋಟೆಯ ನಮ್ಮ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮುಂದೆ ಕೂತು ಅವ್ವ ಹೀಗನ್ನದ ದಿನವೇ ಇರಲಿಲ್ಲ. ನಾನು ಹಚ್ಚುತ್ತಿದ್ದೆ. ಸಬಕಾರ ಸವೆಯುತ್ತಿತ್ತು, ಬುರುಗು ಮಾತ್ರ ಏಳುತ್ತಿರಲಿಲ್ಲ. ಬಕೆಟ್ಟಿನ ಅಂಚಿಗೆ ಒಡೆದ ಹಾಲಿನಂಥ ಬಿಳಿ ಜಿಡ್ಡು ಹತ್ತುತ್ತಿತ್ತು. ನನ್ನ ಕಪ್ಪು ಪ್ಯಾಂಟು ಒಣಗಿದ ಮೇಲೆ ಬೂದಿ ಬಡಿದಂತೆ ಕಾಣುತ್ತಿತ್ತು. ಮನೆಮಂದಿಯೆಲ್ಲ ಬೈದದ್ದು ಸಬಕಾರಕ್ಕೆ. "ಡೂಪ್ಲಿಕೇಟ್ ಐತಿ" ಅಂತ.

ಡೂಪ್ಲಿಕೇಟ್ ಅಲ್ಲ. ಆ ಸಬಕಾರ ಬಟ್ಟೆಯ ತನಕ ಹೋಗಿಯೇ ಇರಲಿಲ್ಲ. ನೀರು ಅದನ್ನು ದಾರಿಯಲ್ಲೇ ತಿಂದುಹಾಕಿತ್ತು.

ನಮ್ಮ ಜಿಲ್ಲೆಯ ಲೋಕಾಪುರದ ಸುತ್ತಮುತ್ತ ನೆಲದಡಿ ಸುಣ್ಣಕಲ್ಲು ಇದೆ. ಮಳೆನೀರು ಆ ಕಲ್ಲಿನ ಸಂದಿಗಳಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಬೋರಿಗೆ ಸೇರುತ್ತದೆ. ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ನೀರು ಕಾಯಿಸುವ ಹಂಡೆಯ ತಳ ನೋಡಿ. ಅಲ್ಲಿ ಕಟ್ಟಿರುವ ಬಿಳಿ ಹಕ್ಕಳೆಯನ್ನು ಕೆರೆದು ಒಂದು ಹನಿ ನಿಂಬೆರಸ ಬಿಡಿ. ಚುರುಚುರು ಗುಳ್ಳೆ ಏಳುತ್ತದೆ. ಕರಗಿ ಬಂದ ಸುಣ್ಣ ಮತ್ತೆ ಕಲ್ಲಾಗಿ ಕೂತಿದೆ, ಅಷ್ಟೇ. ಬೋರಿನ ನೀರಲ್ಲಿ ತೊಗರಿ ಬ್ಯಾಳಿ ಬೇಗ ಬೇಯುವುದಿಲ್ಲ ಅಲ್ವಾ? ಅದಕ್ಕೂ ಇದೇ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಾರಣ.

ಈಗ ಸಬಕಾರದ ಕಣಕ್ಕೆ ಬರೋಣ. ನನಗೆ ಬಹಳ ಇಷ್ಟದ ವಿಷಯ ಇದು. ಅದಕ್ಕೊಂದು ತಲೆ, ಒಂದು ಉದ್ದ ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ಎಣ್ಣೆ ಬೇಕು. ಕಾಲರಿನ ಕೊಳೆ ಅಂದರೆ ಬೆವರಿನ ಜಿಡ್ಡಿಗೆ ಅಂಟಿದ ಧೂಳು. ಬೆಲ್ಲದ ಹರಳಿಗೆ ಇರುವೆ ಮುತ್ತಿದ್ದನ್ನು ನೋಡಿದ್ದೀರಲ್ಲ, ಹಾಗೆ ನೂರಾರು ಕಣಗಳು ಜಿಡ್ಡಿನ ಹನಿಗೆ ಬಾಲ ಚುಚ್ಚಿ ಸುತ್ತ ಮುತ್ತುತ್ತವೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯಲ್ಲಿ ಹಿಟ್ಟಿಗಿಂತ ಎಳ್ಳೇ ಕಾಣುವಂತೆ, ಹೊರಗಿನಿಂದ ನೋಡಿದರೆ ಬರೀ ತಲೆಗಳು. ನೀರಿಗೆ ಒಳಗಿನ ಜಿಡ್ಡು ಕಾಣುವುದೇ ಇಲ್ಲ. ತನ್ನವರೇ ಅಂದುಕೊಂಡು ಹೊತ್ತೊಯ್ಯುತ್ತದೆ.

ಸಬಕಾರದ ತಲೆಗೆ ಸೋಡಿಯಂ ಅಂಟಿಕೊಂಡಿರುತ್ತದೆ. ಅದು ಜಾತ್ರೆಯಲ್ಲಿ ಕೈ ಹಿಡಿದ ಗೆಳೆಯನಂತೆ, ನೀರಿಗೆ ಬಿದ್ದ ಕೂಡಲೇ ಕೈಬಿಟ್ಟು ಹೋಗುತ್ತದೆ. ಕ್ಯಾಲ್ಸಿಯಂ ಹಾಗಲ್ಲ. ಅದಕ್ಕೆ ಎರಡು ಕೈ. ಒಂದೇ ನೊಗಕ್ಕೆ ಜೋಡೆತ್ತು ಕಟ್ಟಿದಂತೆ ಎರಡು ಸಬಕಾರದ ಕಣಗಳ ತಲೆ ಹಿಡಿದು ಕಟ್ಟಿಬಿಡುತ್ತದೆ. ತಲೆ ಸಿಕ್ಕಿಬಿದ್ದ ಮೇಲೆ ನೀರಲ್ಲಿ ಕರಗುವುದು ಹೇಗೆ? ಅಂಚಿನ ಬಿಳಿ ಜಿಡ್ಡು, ಪ್ಯಾಂಟಿನ ಬೂದಿ ಬಣ್ಣ, ಎರಡೂ ಈ ಕಟ್ಟಿಹಾಕಿದ ಸಬಕಾರವೇ.

ಲೆಕ್ಕ ಹಾಕಿ. ಲೀಟರಿಗೆ 300 ಮಿಲಿಗ್ರಾಂ ಗಡಸುತನ, ಅಂದರೆ ಅಷ್ಟು ಕರಗಿದ ಸುಣ್ಣ, ಇರುವ ನೀರು ಎಂದುಕೊಳ್ಳಿ. (ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಹೇಳುವ ಮಿತಿ 200. ಬೇರೆ ನೀರೇ ಸಿಗದಿದ್ದರೆ 600ರ ತನಕ.) 10 ಲೀಟರಿನ ಬಕೆಟ್ಟಿನಲ್ಲಿ 3 ಗ್ರಾಂ ಸುಣ್ಣ. ಅದನ್ನು ತಣಿಸಲು ಹತ್ತಿರ ಹತ್ತಿರ 18 ಗ್ರಾಂ ಶುದ್ಧ ಸಬಕಾರ ಬೇಕು. ಇನ್ನೂ ಒಂದು ಕಲೆಯನ್ನೂ ಮುಟ್ಟಿಲ್ಲ! ಸುಣ್ಣದ ಹೊಟ್ಟೆ ತುಂಬಿದ ಮೇಲೆ ಉಳಿದ ಸಬಕಾರದಿಂದ ಬುರುಗು ಏಳುತ್ತದೆ. ಬುರುಗು ಕೊಳೆ ತೆಗೆಯುವುದಿಲ್ಲ, ಸಬಕಾರ ಮಿಕ್ಕಿದೆ ಅನ್ನುವ ಸುದ್ದಿ ಕೊಡುತ್ತದೆ.

ಉಪಾಯ ಅಗ್ಗದ್ದು. ಸಬಕಾರಕ್ಕೆ ಮೊದಲು ಬಕೆಟ್ಟಿಗೆ ಒಂದೆರಡು ಚಮಚ ವಾಷಿಂಗ್ ಸೋಡಾ ಹಾಕಿ ಕಲಕಿ, ಸ್ವಲ್ಪ ಹೊತ್ತು ಬಿಡಿ. ಸೋಡಾದ ಕಾರ್ಬೊನೇಟ್ ಸುಣ್ಣವನ್ನು ಹಿಡಿದು ಸೀಮೆಸುಣ್ಣದ ಪುಡಿಯಂತೆ ಮಾಡಿಬಿಡುತ್ತದೆ. ನೀರು ತುಸು ಮಬ್ಬಾಗುತ್ತದೆ. ಆಮೇಲೆ ಬಟ್ಟೆ ನೆನೆಸಿ, ಸಬಕಾರ ಹಚ್ಚಿ.

ನಮ್ಮ ಮಡಿವಾಳರಿಗೆ ಇದು ಕೈಕೆಲಸವಾಗಿ ಗೊತ್ತಿತ್ತು. ಹನ್ನೆರಡನೆಯ ಶತಮಾನದ ಶರಣ ಮಡಿವಾಳ ಮಾಚಿದೇವರು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವರು. ಅಂಥ ಕಸುಬಿನವರು ಸವಳು ಮಣ್ಣು ಹಾಕಿ ಉಬ್ಬೆ ಇಡುತ್ತಿದ್ದರು, ಅಂದರೆ ಬಟ್ಟೆಯನ್ನು ಹಬೆಯಲ್ಲಿ ಬೇಯಿಸುತ್ತಿದ್ದರು. ಎಲ್ಲ ಸವಳೂ ಒಂದೇ ಅಲ್ಲ, ಕೆಲವದರಲ್ಲಿ ಬರೀ ಉಪ್ಪು ಇರುತ್ತದೆ. ಒಗೆಯಲು ಬೇಕಾದದ್ದು ಸೋಡಾ ಇರುವ ಸವಳು. ಒಲೆಯ ಬೂದಿಯಲ್ಲೂ ಇದೇ ಜಾತಿಯ ಕಾರ್ಬೊನೇಟ್ ಇದೆ. ಫ್ರಾನ್ಸಿನಲ್ಲಿ ನಿಕೊಲಾ ಲೆಬ್ಲಾಂ ಅಡುಗೆ ಉಪ್ಪಿನಿಂದ ಸೋಡಾ ತಯಾರಿಸುವ ದಾರಿ ಕಂಡುಹಿಡಿದು 1791ರಲ್ಲಿ ಪೇಟೆಂಟ್ ಪಡೆದ. ಕ್ರಾಂತಿಯ ಗದ್ದಲದಲ್ಲಿ ಅವನ ಕಾರ್ಖಾನೆ ಕೈತಪ್ಪಿತು, 1806ರಲ್ಲಿ ಅವನು ತನ್ನ ಪ್ರಾಣ ತಾನೇ ತೆಗೆದುಕೊಂಡ. ಇವತ್ತು ಅಂಗಡಿಯಲ್ಲಿ ಸೋಡಾ ಇಷ್ಟು ಅಗ್ಗವಾಗಿ ಸಿಗುವಾಗ ನನಗೆ ಅವನ ನೆನಪಾಗುತ್ತದೆ.

ಡಿಟರ್ಜೆಂಟ್ ಪುಡಿಯ ಕಣಗಳನ್ನು ಕ್ಯಾಲ್ಸಿಯಂ ಅಷ್ಟು ಸುಲಭವಾಗಿ ಕಟ್ಟಿಹಾಕಲಾರದು. ಆ ಪುಡಿಯಲ್ಲಿ ಸಾಮಾನ್ಯವಾಗಿ ಸೋಡಾ ಮೊದಲೇ ಸೇರಿರುತ್ತದೆ. ಆದ್ದರಿಂದ ಬುರುಗಿನ ಆಸೆಗೆ ಸುಮ್ನೆ ಮುಷ್ಟಿಗಟ್ಟಲೆ ಸುರಿಯಬೇಡಿ. ಜಾಸ್ತಿ ಹಾಕಿದಷ್ಟೂ ಜಾಲಾಡಿಸಲು ನೀರು ಜಾಸ್ತಿ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ನೀರಿನ ಪರಿಸ್ಥಿತಿ ಗೊತ್ತಲ್ಲ.

ಒಂದೇ ಎಚ್ಚರಿಕೆ. ಅವ್ವನ ಇಳಕಲ್ ಸೀರೆಗೆ ಸೋಡಾ ಬೇಡ. ಅದರ ಸೆರಗು ರೇಷ್ಮೆ. ರೇಷ್ಮೆ, ಉಣ್ಣೆ ಎರಡೂ ನಮ್ಮ ಕೂದಲಿನ ಹಾಗೆ ಪ್ರೋಟೀನಿನವು, ಸೋಡಾದ ಕ್ಷಾರಕ್ಕೆ ಹಾಳಾಗುತ್ತವೆ. ಅದಕ್ಕೆ ಅಂಟುವಾಳಕಾಯಿ ನೆನೆಸಿದ ನೀರು ಸಾಕು. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಚಲೋ. ಆ ನೀರಲ್ಲಿ ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ.