ಅಂಗೈಯಗಲದ ಡ್ರೋನ್ ಏಳೇ ನಿಮಿಷಕ್ಕೆ ಇಳಿಯುವುದೇಕೆ?

ಪ್ರಶ್ನೆ: ಕಾಲು ಕಿಲೋ ತೂಗುವ ಕ್ಯಾಮೆರಾ ಡ್ರೋನ್ ಅರ್ಧ ಗಂಟೆ ಹಾರುತ್ತದೆ. ಅದರ ಹತ್ತರಲ್ಲೊಂದು ಪಾಲು ತೂಕದ ಪುಟ್ಟ ಡ್ರೋನ್ ಕೆಲವೇ ನಿಮಿಷಗಳಲ್ಲಿ ಕೆಳಗಿಳಿಯುತ್ತದೆ. ಬ್ಯಾಟರಿ ಚಿಕ್ಕದೆಂಬುದೊಂದೇ ಇದಕ್ಕೆ ಕಾರಣವೇ?

ಉತ್ತರ: ಅಲ್ಲ. ಬ್ಯಾಟರಿ ಚಿಕ್ಕದಾದಂತೆ ಎತ್ತಬೇಕಾದ ತೂಕವೂ ಚಿಕ್ಕದಾಗಿರುತ್ತದೆ. ನಿಂತಲ್ಲೇ ತೇಲುವ ಯಂತ್ರವು ಗಾಳಿಯನ್ನು ಕೆಳಕ್ಕೆ ತಳ್ಳಿ, ಆ ತಳ್ಳುವಿಕೆಯ ಪ್ರತಿಬಲದಿಂದ ತನ್ನ ತೂಕವನ್ನು ಹೊರುತ್ತದೆ. ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳಿದಷ್ಟೂ ಶಕ್ತಿ ಉಳಿಯುತ್ತದೆ. ಈ ಲೆಕ್ಕವೊಂದನ್ನೇ ನೋಡಿದರೆ ಅನುಕೂಲವಿರುವುದು ಪುಟ್ಟ ಯಂತ್ರಕ್ಕೇ. ಏಕೆಂದರೆ ಎಲ್ಲ ಅಳತೆಗಳನ್ನೂ ಅರ್ಧ ಮಾಡಿದಾಗ ತೂಕ ಎಂಟರಲ್ಲೊಂದು ಪಾಲಿಗೆ ಇಳಿದರೂ ರೋಟರ್ (ತಿರುಗುವ ಅಲಗುಗಳ ಜೋಡಣೆ) ಬೀಸುವ ವೃತ್ತದ ವಿಸ್ತೀರ್ಣ ನಾಲ್ಕರಲ್ಲೊಂದು ಪಾಲಿನಷ್ಟು ಉಳಿದಿರುತ್ತದೆ.

ಸ್ವೀಡನ್ನಿನ ಕ್ರೇಜಿಫ್ಲೈ ಎಂಬ ಕ್ವಾಡ್‌ಕಾಪ್ಟರನ್ನು ತೆಗೆದುಕೊಳ್ಳೋಣ. ಅದರ ತೂಕ 27 ಗ್ರಾಂ, ನಾಲ್ಕು ಪ್ರೊಪೆಲರ್‌ಗಳ ವ್ಯಾಸ ತಲಾ ಸುಮಾರು 45 ಮಿಲಿಮೀಟರ್. ಯಾವ ನಷ್ಟವೂ ಇಲ್ಲದ ಆದರ್ಶ ಲೆಕ್ಕದಲ್ಲಿ ಅದು ತೇಲಲು ಸುಮಾರು 1.1 ವ್ಯಾಟ್ ಸಾಕು. ಆದರೆ ಅದರ 250 ಮಿಲಿಆಂಪಿಯರ್-ಅವರ್ ಬ್ಯಾಟರಿ 7 ನಿಮಿಷಕ್ಕೆ ಬರಿದಾಗುತ್ತದೆ, ಎಂದರೆ ನಿಜವಾದ ಖರ್ಚು ಸುಮಾರು 8 ವ್ಯಾಟ್. ಉಳಿದದ್ದರಲ್ಲಿ ಒಂದು ಪಾಲನ್ನು ಪುಟ್ಟ ಮೋಟರುಗಳು ಬಿಸಿಯಾಗಿ ಕಳೆಯುತ್ತವೆ. ಇನ್ನೊಂದು ಪಾಲು ಪ್ರೊಪೆಲರ್ ಅಲಗಿನ ಮೈಮೇಲೆಯೇ ಸೋರಿಹೋಗುತ್ತದೆ.

ನನ್ನ ದೃಷ್ಟಿಯಲ್ಲಿ ವಿಷಯದ ತಿರುಳಿರುವುದು ಈ ಅಲಗಿನಲ್ಲಿ. ಗಾಳಿಯ ಜಡತ್ವಕ್ಕೂ ಅದರ ಅಂಟುಗುಣಕ್ಕೂ ಇರುವ ಅನುಪಾತವನ್ನು ರೆನಾಲ್ಡ್ಸ್ ಸಂಖ್ಯೆ ಎನ್ನುತ್ತಾರೆ. ದೊಡ್ಡ ಹೆಲಿಕಾಪ್ಟರಿನ ಅಲಗಿನಲ್ಲಿ ಅದು ಹತ್ತಾರು ಲಕ್ಷವಾದರೆ, ಕೆಲವೇ ಮಿಲಿಮೀಟರ್ ಅಗಲದ ಈ ಅಲಗಿನಲ್ಲಿ ಹತ್ತಿಪ್ಪತ್ತು ಸಾವಿರ. ಆ ಸಂಖ್ಯೆ ಅಷ್ಟು ಕೆಳಗಿಳಿದಾಗ ಅಲಗಿನ ಮೈಗೆ ತಾಗಿ ಹರಿಯುವ ಗಾಳಿಯ ಪದರ ಬೇಗನೆ ಸೋತು ಮೇಲ್ಮೈಯಿಂದ ಕಳಚಿಕೊಳ್ಳುತ್ತದೆ, ಎತ್ತುವ ಬಲ ಕುಗ್ಗುತ್ತದೆ, ಎಳೆತ ಹೆಚ್ಚುತ್ತದೆ. ಆದ್ದರಿಂದಲೇ ವಿಮಾನದ ರೆಕ್ಕೆಯ ದುಂಡುಮೂತಿಯ ದಪ್ಪ ಆಕಾರವನ್ನು ಹಾಗೆಯೇ ಕುಗ್ಗಿಸಿದರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕಿಂತ ಉಗುರಿನಂತೆ ತೆಳುವಾಗಿ ಬಾಗಿದ, ಮುಂಭಾಗದ ಅಂಚು ಚೂಪಾದ ತಗಡೇ ಮೇಲು.

ವಿನ್ಯಾಸಕಾರರಿಗೆ ಉಳಿಯುವ ಇನ್ನೊಂದು ದಾರಿ ರೋಟರನ್ನು ಹಿಗ್ಗಿಸುವುದು. ಕ್ರೇಜಿಫ್ಲೈನ ನಾಲ್ಕು ಪ್ರೊಪೆಲರ್‌ಗಳು ಒಟ್ಟು ಸುಮಾರು 64 ಚದರ ಸೆಂಟಿಮೀಟರ್ ಬೀಸಿದರೆ, ನಾರ್ವೆಯ ಬ್ಲ್ಯಾಕ್ ಹಾರ್ನೆಟ್ ಎಂಬ ಪುಟ್ಟ ಹೆಲಿಕಾಪ್ಟರ್ ಡ್ರೋನಿನ ಸುಮಾರು 12 ಸೆಂಟಿಮೀಟರ್ ವ್ಯಾಸದ ಒಂದೇ ಮುಖ್ಯ ರೋಟರ್ 113 ಚದರ ಸೆಂಟಿಮೀಟರ್ ಬೀಸುತ್ತದೆ. ಬಾಲದಲ್ಲಿ ಇನ್ನೊಂದು ಪುಟ್ಟ ರೋಟರ್ ಹೊತ್ತೂ ಇಪ್ಪತ್ತು ಗ್ರಾಂ ಮೀರದ ಅದರ ಮೊದಲ ಮಾದರಿಗೆ ತಯಾರಕರು ಹೇಳಿದ ಹಾರಾಟದ ಅವಧಿ 25 ನಿಮಿಷ.