ಸರ್ವೆ ನಂಬರ್ 45 ಯಾವ ಊರಿನದು?

ಕೋಲಾರ ಜಿಲ್ಲೆಯಲ್ಲಿ ಸರ್ವೆ ನಂಬರ್ 45 ಎಷ್ಟಿರಬಹುದು? ಹೆಚ್ಚುಕಡಿಮೆ ಊರಿಗೊಂದು. ಮಾಲೂರಿನ ಕಡೆ ಅದು ರಾಗಿ ಹೊಲ ಆಗಿದ್ದರೆ ಶ್ರೀನಿವಾಸಪುರದ ಕಡೆ ಮಾವಿನ ತೋಪು ಆಗಿರಬಹುದು. ಅದಕ್ಕೇ ಪಹಣಿಯಲ್ಲಿ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಅದರ ಒಳಭಾಗ ತೋರಿಸುವ ಸರ್ನೋಕ್ ಮತ್ತು ಹಿಸ್ಸಾ ಎಲ್ಲಾ ಸೇರಿದರೇ ಒಂದು ಜಮೀನು. ಡೇಟಾಬೇಸ್‌ನಲ್ಲಿ ಇದು ಕಾಂಪೊಸಿಟ್ ಕೀ, ಅಂದರೆ ಹಲವು ಕಾಲಂ ಸೇರಿ ಆಗುವ ಒಂದು ಗುರುತು. ಇನ್ನೊಂದು ಟೇಬಲ್ ಈ ಜಮೀನನ್ನು ತೋರಿಸಬೇಕಾದರೆ ಅಷ್ಟೂ ಕಾಲಂಗಳನ್ನು ಒಟ್ಟಿಗೇ ಹೊತ್ತು ತರಬೇಕು. ಅದೇ ಕಾಂಪೊಸಿಟ್ ಫಾರಿನ್ ಕೀ. ಹಾಗೆ ತಂದದ್ದು ಮೂಲ ಟೇಬಲ್‌ನಲ್ಲಿ ನಿಜವಾಗಿ ಇದೆಯೇ ಅಂತ ಡೇಟಾಬೇಸ್ ತಪಾಸಣೆ ಮಾಡುತ್ತದೆ.

ಬೆಳೆ ಸಾಲದ ಟೇಬಲ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಗ್ರಾಮಗಳ ಪಟ್ಟಿಗೆ ಒಂದು ಫಾರಿನ್ ಕೀ, ಸರ್ವೆ ನಂಬರ್‌ಗಳ ಪಟ್ಟಿಗೆ ಇನ್ನೊಂದು ಹಾಕಿದರೆ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಆಗಲಿಲ್ಲ! ಊರು ಇದೆ, 312 ಅನ್ನುವ ನಂಬರೂ ಎಲ್ಲೋ ಇದೆ, ಆದರೆ ಈ ಊರಿನ ಸರ್ವೆ 200ಕ್ಕೇ ಮುಗಿದಿದ್ದರೆ? ಎರಡೂ ತಪಾಸಣೆ ಪಾಸು, ಸಾಲವೂ ದಾಖಲು, ಜಮೀನು ಮಾತ್ರ ಇಲ್ಲ. ಜೋಡಿಯನ್ನು ಜೋಡಿಯಾಗಿಯೇ ನೋಡಬೇಕು.

ಇದು ಹೊಸ ಮಾತೇನಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ರಿಲೇಷನಲ್ ಮಾದರಿಯ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಕ್ರಮದ) ಪ್ರಬಂಧ ಬರೆದಾಗಲೇ, ಫಾರಿನ್ ಕೀ ಒಂದು ಕಾಲಂ ಆಗಿರಬಹುದು ಅಥವಾ ಹಲವು ಸೇರಿದ್ದೂ ಆಗಿರಬಹುದು ಅಂತ ಸ್ಪಷ್ಟವಾಗಿ ಹೇಳಿದ್ದರು. ಅದಕ್ಕೂ ಮೊದಲು ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಪ್ರೋಗ್ರಾಂ ಬರೆಯುವವರೇ ನೆನಪಿಟ್ಟುಕೊಳ್ಳಬೇಕಿತ್ತು. ಬರೀ ಮೌಲ್ಯಗಳನ್ನು ಹೋಲಿಸಿಯೇ ಸಂಬಂಧ ಗುರುತಿಸಬಹುದು ಅನ್ನುವುದು ಎಷ್ಟು ಚೆಂದದ ಯೋಚನೆ ಅಲ್ವಾ?

ಆದರೆ ಇದರಲ್ಲೊಂದು ದೊಡ್ಡ ತೂತಿದೆ, ನನಗೆ ಚಿಂತೆ ಇರುವುದೂ ಅಲ್ಲೇ. ಫಾರಿನ್ ಕೀಯ ಕಾಲಂಗಳಲ್ಲಿ ಒಂದೇ ಒಂದು ನಲ್, ಅಂದರೆ ಖಾಲಿ, ಆಗಿದ್ದರೂ ಡೇಟಾಬೇಸ್ ಭಾಷೆಯಾದ ಎಸ್‌ಕ್ಯುಎಲ್‌ನ ಮಾಮೂಲಿ ನಿಯಮದಲ್ಲಿ ತಪಾಸಣೆಯೇ ನಡೆಯುವುದಿಲ್ಲ. ಹಿಸ್ಸಾ ಖಾಲಿ ಬಿಟ್ಟಿರಿ, ಗ್ರಾಮದ ಕೋಡ್ ಸುಮ್ನೆ 99999 ಅಂತ ಹೊಡೆದಿರಿ: ದಾಖಲೆ ಸಲೀಸಾಗಿ ಒಳಗೆ ಹೋಗುತ್ತದೆ. ತುಂಬಿದ ಕಾಲಂಗಳನ್ನಾದರೂ ನೋಡಬಾರದೇ ಅಂದರೆ, ಇಲ್ಲ, ನೋಡುವುದಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಫಾರಿನ್ ಕೀಗೆ ಮ್ಯಾಚ್ ಫುಲ್ ಅಂತ ಬರೆದರೆ ಎಲ್ಲಾ ತುಂಬಿರಬೇಕು, ಇಲ್ಲವೇ ಎಲ್ಲಾ ಖಾಲಿ ಇರಬೇಕು. ಇನ್ನೊಂದು ಡೇಟಾಬೇಸ್ ಮೈಎಸ್‌ಕ್ಯುಎಲ್‌ನಲ್ಲಿ, ಮಾಹಿತಿ ಉಳಿಸುವ ಅದರ ಇನ್ನೊಡಿಬಿ ಎಂಜಿನ್‌ನಲ್ಲಿ ಆ ಮಾತು ನಡೆಯದು. ಹಾಗಾಗಿ ಎಲ್ಲಾ ಕಾಲಂಗಳಿಗೂ ನಾಟ್ ನಲ್ (ಖಾಲಿ ಬಿಡುವಂತಿಲ್ಲ ಅನ್ನುವ ನಿಯಮ) ಹಾಕುವುದೇ ವಾಸಿ.

ಹಿಸ್ಸಾ ಇಲ್ಲದ ಜಮೀನಿಗೆ ಏನು ಬರೆಯೋದು ಅಂತೀರಾ? ಪಹಣಿ ತೆಗೆದು ನೋಡಿ. 45/*/2 ಅಂತ ಇರುತ್ತದೆ. ಕೊನೆಯ 2 ಹಿಸ್ಸಾ, ಮಧ್ಯದ್ದು ಸರ್ನೋಕ್‌ನ ಜಾಗ. ಸರ್ನೋಕ್ ಇಲ್ಲ ಅಂತ ಅದನ್ನು ಖಾಲಿ ಬಿಟ್ಟಿಲ್ಲ, ನಕ್ಷತ್ರ ಹಾಕಿದ್ದಾರೆ. ಹಿಸ್ಸಾ ಇಲ್ಲದಿದ್ದರೆ ನೀವೂ ಎರಡೂ ಟೇಬಲ್‌ನಲ್ಲಿ ಅದನ್ನೇ ಹಾಕಿ.