ತೆಗೆಯುವುದು ಬೇರೆ, ನೋಡುವುದು ಬೇರೆ

2025ರ ಭೌತಶಾಸ್ತ್ರದ ನೊಬೆಲ್ ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಅವರಿಗೆ ಬಂದ ಮೇಲೆ ವಿಜಯಪುರದಲ್ಲೂ ‘ಕ್ವಾಂಟಮ್ ಬಗ್ಗೆ ಮಾತಾಡಿ’ ಅಂತ ಕರೆಯುವವರು ಜಾಸ್ತಿಯಾಗಿದ್ದಾರೆ. ಸಂತೋಷ. ಆದರೆ ಕ್ವಾಂಟಮ್ ಮೆಮೊರಿ (ಕ್ವಾಂಟಮ್ ಸ್ಥಿತಿಯನ್ನು ಕೊಂಚ ಹೊತ್ತು ಹಿಡಿದಿಡುವ ಡಬ್ಬಿ) ಬಗ್ಗೆ ಎಲ್ಲಿ ಮಾತಾಡಿದರೂ ಅದೇ ಪ್ರಶ್ನೆ: ‘ಎಷ್ಟು ಜಿಬಿ ಹಿಡೀತದ್ರೀ?’

ಒಮ್ಮೆ ಆ ಡಬ್ಬಿ ಇಡುವ ಫ್ರಿಜ್‌ನ ಚಿತ್ರ ತೋರಿಸಿದೆ. ಒಣದ್ರಾಕ್ಷಿ ವ್ಯಾಪಾರದ ಹಿರಿಯರೊಬ್ಬರು ಎದ್ದರು. ‘ನಮ್ಮ ಕೋಲ್ಡ್ ಸ್ಟೋರೇಜ್ ಇದ್ದಂಗ ಅದ ಅಲ್ರೀ ಸರ. ಎಷ್ಟು ತಿಂಗಳು ಇಡಬಹುದು?’

‘ತಿಂಗಳಲ್ಲ ಕಾಕಾ, ಮಿಲಿಸೆಕೆಂಡ್.’

‘ಅಷ್ಟಕ್ಕ ಕರೆಂಟ್ ಬಿಲ್ ಯಾರು ಕಟ್ತಾರ?’

ಈ ತಂಪು ಕೆಡದಂತೆ ಇಡುವ ತಂಪಲ್ಲ. ನಮ್ಮ ಸರ್ಕ್ಯೂಟಿನ ಅಲ್ಯೂಮಿನಿಯಂ 1.2 ಕೆಲ್ವಿನ್‌ಗಿಂತ (ಸುಮಾರು ಮೈನಸ್ 272 ಡಿಗ್ರಿ ಸೆಲ್ಸಿಯಸ್) ಕೆಳಗೇ ಸೂಪರ್‌ಕಂಡಕ್ಟರ್ (ಕರೆಂಟಿಗೆ ತಡೆಯೇ ಇಲ್ಲದ ವಸ್ತು) ಆಗುತ್ತದೆ. ಆದರೂ ನಾವು 0.02 ಕೆಲ್ವಿನ್ ಹತ್ತಿರ ಹೋಗುತ್ತೇವೆ. ಏಕೆಂದರೆ ಬಿಸಿಯೇ ಗದ್ದಲ. ಭಾನುವಾರ ಗೋಳಗುಮ್ಮಟದ ಗ್ಯಾಲರಿಯಲ್ಲಿ ನಿಂತವರಿಗೆ ಗೊತ್ತು: ಎಲ್ಲರೂ ಕೂಗುವಾಗ ನಮ್ಮ ಪಿಸುಮಾತು ನಮಗೇ ಕೇಳಿಸುವುದಿಲ್ಲ. ನಮ್ಮ ನೆನಪಿನ ಡಬ್ಬಿಯೂ ಪುಟ್ಟ ಗುಮ್ಮಟವೇ. ಒಳಗೆ ಒಂದು ಮೈಕ್ರೋವೇವ್ ಫೋಟಾನ್ (ಆ ಅಲೆಯ ಅತಿ ಸಣ್ಣ ತುಣುಕು) ಗೋಡೆಯಿಂದ ಗೋಡೆಗೆ ಬಡಿಯುತ್ತಿರುತ್ತದೆ. 5 ಗಿಗಾಹರ್ಟ್ಸ್ ಅಲೆ ಒಂದು ಮಿಲಿಸೆಕೆಂಡಿನಲ್ಲಿ 50 ಲಕ್ಷ ಸಲ ಕಂಪಿಸುತ್ತದೆ. ಅದಕ್ಕೆ ಅದೇ ದೊಡ್ಡ ಆಯುಷ್ಯ. 2023ರಲ್ಲಿ ನಿಯೋಬಿಯಂ ಲೋಹದ ಡಬ್ಬಿಯೊಂದರಲ್ಲಿ 34 ಮಿಲಿಸೆಕೆಂಡ್ ಸಿಕ್ಕಿತು. ಎಲ್ಲ ಡಬ್ಬಿಯಲ್ಲೂ ಅಷ್ಟು ಸಿಗುತ್ತದೆ ಅಂತ ಮಾತ್ರ ನಂಬಬೇಡಿ.

ಈಗ ಯಾರ ತಲೆಗೂ ಹೋಗದ ವಿಷಯ. ಕ್ಯೂಬಿಟ್‌ನಲ್ಲಿದ್ದ (0, 1 ಎರಡರ ಮಿಶ್ರಣವೂ ಆಗಬಲ್ಲ ಕ್ವಾಂಟಮ್ ಬಿಟ್) ಸ್ಥಿತಿಯನ್ನು ಡಬ್ಬಿಗೆ ದಾಟಿಸಬಹುದು, ಬೇಕಾದಾಗ ವಾಪಸ್ ತರಬಹುದು. ವಾಪಸ್ ತಂದರೆ ಡಬ್ಬಿ ಖಾಲಿ. ಜೆರಾಕ್ಸ್ ಇಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ನಕಲು ತೆಗೆಯಲು ಆಗುವುದೇ ಇಲ್ಲ ಅಂತ 1982ರಲ್ಲೇ ಸಾಬೀತಾಗಿದೆ. ಇದು ‘ತೆಗೆಯುವುದು’. ಕಾಕಾನ ಲೆಕ್ಕದಲ್ಲಿ, ಒಣದ್ರಾಕ್ಷಿ ಬಾಕ್ಸ್ ಕೋಲ್ಡ್ ಸ್ಟೋರೇಜ್‌ನಿಂದ ಹೊರಗೆ ಬಂತು, ಇನ್ನೂ ಒಡೆದಿಲ್ಲ.

‘ನೋಡುವುದು’ ಬೇರೆ ಕೆಲಸ. ಕ್ಯೂಬಿಟ್ ಪಕ್ಕದ ರೆಸೋನೇಟರ್‌ಗೆ (ತನ್ನದೇ ಆವರ್ತನದಲ್ಲಿ ಕಂಪಿಸುವ ಸರ್ಕ್ಯೂಟ್) ಸಣ್ಣ ಮೈಕ್ರೋವೇವ್ ಪಲ್ಸ್ ಕಳಿಸುತ್ತೇವೆ. ತಿರುಗಿ ಬಂದ ಅಲೆ ಎಷ್ಟು ಸರಿದಿದೆ ಅಂತ ನೋಡಿ 0 ಅಥವಾ 1 ಅನ್ನುತ್ತೇವೆ. ಅಷ್ಟೇ, ಒಂದು ಬಿಟ್. ಎರಡರ ಮಿಶ್ರಣವಾಗಿದ್ದದ್ದು ಆ ಕ್ಷಣಕ್ಕೆ ಮುಗಿಯಿತು. ಕೂಡಲೇ ಮತ್ತೆ ನೋಡಿದರೂ ಅದೇ ಉತ್ತರ, ಹಳೆಯ ಮಿಶ್ರಣ ಸಿಗುವುದಿಲ್ಲ. ನಮ್ಮ ಹುಡುಗರು ಪರೀಕ್ಷೆಯಲ್ಲೂ ತೆಗೆಯುವುದು, ನೋಡುವುದು ಎರಡನ್ನೂ ಒಂದೇ ಮಾಡಿ ಬರೆಯುತ್ತಾರೆ. ಸುಮ್ನೆ ಮಾರ್ಕ್ಸ್ ಹೋಗುತ್ತವೆ.

ಕಾಕಾ ಬಿಡಲಿಲ್ಲ. ‘ಹಂಗಾರ ಒಳಗ ಮಿಶ್ರಣ ಎಷ್ಟೆಷ್ಟು ಅದ ಅಂತ ತಿಳಿಯೂದು ಹೆಂಗ?’

‘ಅದೇ ಸ್ಥಿತಿಯನ್ನ ಸಾವಿರಾರು ಸಲ ಹೊಸದಾಗಿ ಮಾಡಿ, ಒಂದೊಂದನ್ನೂ ನೋಡಿ ಲೆಕ್ಕ ಹಾಕಬೇಕು.’

‘ಎಲ್ಲಾ ಬಾಕ್ಸ್ ಒಡದು ನೋಡಿದ್ರ ಮಾರೂದು ಏನ್ರೀ ಸರ?’